ಸೇವೆಯು ಕಲಿಯತಕ್ಕ ವಿದ್ಯೆಯೇ?

ಕಾಯಕ ಮತ್ತು ದಾಸೋಹ ಇವೆರಡೂ ಶರಣಧರ್ಮದ ಎರಡು ಕಣ್ಣುಗಳೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಮಠದ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸಿದವನೂ ಬಲ್ಲನು. ಸೊಂಟಕ್ಕೆ ವಸ್ತ್ರ ಬಿಗಿದು ಬಡಿಸಲು ನಿಂತವನೂ ಬಲ್ಲನು. ಆದರೆ ನಾವು ಚೆನ್ನಾಗಿ ಬಲ್ಲೆವೆಂದು ತಿಳಿದ ವಿಷಯದಲ್ಲಿಯೇ ನಮ್ಮ ಅಜ್ಞಾನವು ಅಡಗಿರುವುದುಂಟು. ನಾಲ್ಕು ವರ್ಷಗಳ ಹಿಂದೆ ನನ್ನ ಮುಂದೆ ಬಂದ ಒಂದು ಪ್ರಶ್ನೆಗೆ ನಾನು ಆಗ ಕೊಟ್ಟ ಉತ್ತರವು ತಪ್ಪಾಗಿತ್ತೆಂಬುದನ್ನು ಈಗ ಅರಿತಿದ್ದೇನೆ. ಆ ಪ್ರಶ್ನೆಯನ್ನು ಮತ್ತೊಮ್ಮೆ ಮೊದಲಿನಿಂದ ವಿಚಾರಿಸುವುದೇ ಈ ಲೇಖನದ ಉದ್ದೇಶ.

ತಿಕೋಟಾದ ಸುತ್ತಲಿನ ನೆಲವು ದ್ರಾಕ್ಷಿಯ ನೆಲವೆಂಬುದು ಎಲ್ಲರಿಗೂ ಗೊತ್ತು. ಮಠದ ಭಕ್ತರಾದ ಒಬ್ಬ ತೋಟಿಗರು ಒಂದು ಸಂಜೆ ಶಾಲೆಗೆ ಬಂದರು. ಅವರ ಮಗಳು ನಮ್ಮ ಶಾಲೆಯಲ್ಲಿಯೇ ಓದಿದವಳು. ಬಿ.ಎ. ಮುಗಿಸಿ, ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ ಸೇರುವೆನೆಂದು ಹಟ ಹಿಡಿದಿದ್ದಳು. ತಂದೆಗೆ ಅದು ಒಗ್ಗಲಿಲ್ಲ.

“ಮಾಸ್ತರ್ರ, ಸೇವಾ ಮಾಡೂದು ಕಲಿಯಾಕ ಯುನಿವರ್ಸಿಟಿಗಿ ಹೋಗಬೇಕೇನ್ರಿ? ಮಠದಾಗ ದಾಸೋಹ ಮಾಡವ್ರು ಯಾವ ಸಾಲ್ಯಾಗ ಕಲ್ತಾರ? ಕಲ್ತು, ಪಗಾರ ತಗೊಂಡು ಮಾಡಿದ್ರ ಅದು ಸೇವಾ ಹೆಂಗಾಗ್ತದ? ನಿಮ್ಮ ಮಾತಂದ್ರ ಕೇಳ್ತಾಳ, ನೀವ ಒಂದೀಟು ತಿಳಿಸಿ ಹೇಳ್ರಿ” ಎಂದರು.

ನಾನು ಹುಡುಗಿಯನ್ನು ಕರೆಯಿಸಿ, ಕರುಣೆಯು ಕಲಿಸಿ ಬರತಕ್ಕುದಲ್ಲವೆಂದೂ ಬಿ.ಎಡ್. ಮಾಡುವುದೇ ಮೇಲೆಂದೂ ಹೇಳಿದೆನು. ಅವಳು ಎದುರಾಡಲಿಲ್ಲ, ಕಾಲಿಗೆರಗಿ ಹೋದಳು, ಹೋಗಿ ತಾನು ಬಯಸಿದ ವ್ಯಾಸಂಗಕ್ಕೇ ಸೇರಿದಳು.

ಆ ವಿಶ್ವವಿದ್ಯಾಲಯವು 2003ರಲ್ಲಿ ಕರ್ನಾಟಕ ರಾಜ್ಯ ಮಹಿಳಾ ವಿಶ್ವವಿದ್ಯಾಲಯವೆಂಬ ಹೆಸರಿನಿಂದ ಸ್ಥಾಪಿತವಾಗಿ, 2017ರಲ್ಲಿ ಅಕ್ಕಮಹಾದೇವಿಯ ಹೆಸರನ್ನು ಧರಿಸಿತು. ಕುಮಾರವಾಲ್ಮೀಕಿಯ ರಾಮಾಯಣದಿಂದ ಹೆಸರಾದ ತೊರವಿಯಲ್ಲಿ ಅದರ ಜ್ಞಾನಶಕ್ತಿ ಆವರಣವಿದೆ. ನಾಡಿನ ಹೆಣ್ಣುಮಕ್ಕಳ ವಿದ್ಯೆಗಾಗಿ ಸರಕಾರವು ಕಟ್ಟಿದ ಸಂಸ್ಥೆಗೆ ಶರಣೆಯೊಬ್ಬಳ ಹೆಸರಿರುವಾಗ, ಅಲ್ಲಿ ಕಲಿಸುವ ವಿದ್ಯೆಯನ್ನು ಶರಣರ ಮಾತಿನ ಒರೆಗಲ್ಲಿಗೆ ಹಚ್ಚಿ ನೋಡುವುದು ನಮ್ಮ ಕರ್ತವ್ಯವೇ ಆಗಿದೆ.

ಮೊದಲು ಆ ವಿದ್ಯೆಯ ಸ್ವರೂಪವನ್ನು ತಿಳಿಯೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪಶ್ಚಿಮದೇಶಗಳ ಕೆಲವು ವಿದ್ಯಾವಂತರು ಬಡವರ ಕೇರಿಗಳಲ್ಲಿಯೇ ಮನೆ ಮಾಡಿ ನೆಲೆಸಿದರು. 1884ರಲ್ಲಿ ಲಂಡನ್ನಿನಲ್ಲಿ ಟಾಯ್ನಬಿ ಹಾಲ್ ಎಂಬ ನೆಲೆಯೂ, 1889ರಲ್ಲಿ ಅಮೆರಿಕದ ಶಿಕಾಗೋ ಪಟ್ಟಣದಲ್ಲಿ ಜೇನ್ ಆ್ಯಡಮ್ಸ್ ಎಂಬ ಮಹಿಳೆಯು ಗೆಳತಿಯೊಡನೆ ಆರಂಭಿಸಿದ ಹಲ್ ಹೌಸ್ ಎಂಬ ನೆಲೆಯೂ ಹೀಗೆ ಹುಟ್ಟಿದವು. ದೂರದಿಂದ ದಾನವನ್ನು ಕಳುಹುವುದಕ್ಕಿಂತ ನೆರೆಯಲ್ಲಿದ್ದು ನೋವನ್ನು ಅರಿಯುವುದು ಮೇಲೆಂಬುದು ಅವರ ನಿಲುವು. ಈ ಅನುಭವವು ಕ್ರಮೇಣ ಶಾಸ್ತ್ರದ ರೂಪವನ್ನು ತಾಳಿತು. ಭಾರತದಲ್ಲಿ 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನ ಸಮಾಜಕಾರ್ಯ ಶಾಲೆಯು ತೆರೆಯಿತು. 1944ರಿಂದ ಅದು ಟಾಟಾ ಸಮಾಜವಿಜ್ಞಾನ ಸಂಸ್ಥೆಯೆನಿಸಿತು. ಅಲ್ಲಿಂದ ಈ ವ್ಯಾಸಂಗವು ನಾಡಿನ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ಹಬ್ಬಿತು.

ಇದರಲ್ಲಿ ಆರು ವಿಧಾನಗಳನ್ನು ಕಲಿಸುತ್ತಾರೆ: ವ್ಯಕ್ತಿಗತ ಸಮಾಜಕಾರ್ಯ, ವೃಂದಗತ ಸಮಾಜಕಾರ್ಯ, ಸಮುದಾಯ ಸಂಘಟನೆ, ಸಮಾಜಕಲ್ಯಾಣ ಆಡಳಿತ, ಸಮಾಜಕಾರ್ಯ ಸಂಶೋಧನೆ ಮತ್ತು ಸಾಮಾಜಿಕ ಕ್ರಿಯೆ. ಎರಡು ವರ್ಷಗಳ ಈ ವ್ಯಾಸಂಗದಲ್ಲಿ ತರಗತಿಯ ಪಾಠವು ಒಂದು ಭಾಗ ಮಾತ್ರ. ಇನ್ನೊಂದು ಭಾಗವು ಕ್ಷೇತ್ರಕಾರ್ಯ. ವಿದ್ಯಾರ್ಥಿಯು ವಾರದಲ್ಲಿ ನಿಯತವಾದ ದಿನಗಳಂದು ಹಳ್ಳಿ, ಕೇರಿ, ಆಸ್ಪತ್ರೆ, ಬಾಲಮಂದಿರಗಳಿಗೆ ಹೋಗಬೇಕು. ಕಂಡುದನ್ನು, ಕೇಳಿದುದನ್ನು, ತಾನು ತಪ್ಪಿದುದನ್ನು ಬರೆದು ಗುರುಗಳಿಗೆ ಒಪ್ಪಿಸಬೇಕು. ತಾನು ತಪ್ಪಿದುದನ್ನು ಬರೆಯುವ ಈ ಅಭ್ಯಾಸವು ನಮ್ಮ ಶಾಲೆಗಳಲ್ಲಿ ಶಿಕ್ಷಕರಿಗೂ ಇಲ್ಲ.

ಇನ್ನು ಆ ತಂದೆಯ ಆಕ್ಷೇಪಗಳನ್ನು ಒಂದೊಂದಾಗಿ ಪರಾಮರ್ಶಿಸೋಣ.

ಮೊದಲನೆಯ ಆಕ್ಷೇಪವು, ಸೇವೆಯ ಮೂಲವು ಕರುಣೆ, ಕರುಣೆಯು ಹೃದಯದ ಗುಣ, ಅದನ್ನು ಕಲಿಸಲು ಬಾರದು ಎಂಬುದು. ಇದರ ಪೂರ್ವಾರ್ಧವು ನಿಜ. ಆದರೆ ಕರುಣೆಯಿರುವುದು ಬೇರೆ, ಕರುಣೆಯನ್ನು ನಡೆಸುವುದು ಬೇರೆ. ಮಗುವಿಗೆ ಜ್ವರ ಬಂದಾಗ ತಾಯಿಯ ಕರುಣೆಗೆ ಎಲ್ಲೆಯಿಲ್ಲ. ಆದರೂ ಅವಳು ವೈದ್ಯನ ಬಳಿಗೆ ಹೋಗುತ್ತಾಳೆ. ಶರಣರ ಗಣದಲ್ಲಿ ವೈದ್ಯ ಸಂಗಣ್ಣನಿದ್ದನು. ಅವನು ಭಕ್ತಿಯೊಂದರಿಂದಲೇ ರೋಗವನ್ನು ತಿಳಿದವನಲ್ಲ, ವೈದ್ಯವನ್ನು ಕಲಿತವನು. ಅಂಬಿಗರ ಚೌಡಯ್ಯನಿದ್ದನು, ಹೊಳೆಯ ಆಳವನ್ನೂ ಸುಳಿಯನ್ನೂ ಅರಿಯದವನು ಎಷ್ಟೇ ದಯಾಳುವಾದರೂ ದೋಣಿಗೆ ಹತ್ತಿದವರನ್ನು ದಡ ಸೇರಿಸಲಾರನು. ಪ್ರತಿಯೊಂದು ಕಾಯಕಕ್ಕೂ ಅದರದರ ಅರಿವು ಬೇಕೆಂದು ಒಪ್ಪುವ ನಾವು, ನೊಂದ ಮನುಷ್ಯನ ಹತ್ತಿರಕ್ಕೆ ಹೋಗುವ ಕಾಯಕಕ್ಕೆ ಮಾತ್ರ ಅರಿವು ಬೇಡವೆನ್ನುವುದು ಯಾವ ನ್ಯಾಯ?

ನಮ್ಮ ಪ್ರಾಚೀನರೂ ಇದನ್ನು ಕಾಣದೆ ಇರಲಿಲ್ಲ. ತೈತ್ತಿರೀಯ ಉಪನಿಷತ್ತಿನಲ್ಲಿ ಆಚಾರ್ಯನು ವ್ಯಾಸಂಗ ಮುಗಿಸಿ ಹೊರಟ ಶಿಷ್ಯನಿಗೆ ಕೊಡುವ ಬುದ್ಧಿವಾದದಲ್ಲಿ ದಾನದ ಮಾತು ಬರುತ್ತದೆ. ಶ್ರದ್ಧೆಯಿಂದ ಕೊಡಬೇಕೆಂದು ಹೇಳಿ ಆಚಾರ್ಯನು ಅಲ್ಲಿಗೇ ನಿಲ್ಲುವುದಿಲ್ಲ. ನಾಚಿಕೆಯಿಂದ, ಭಯದಿಂದ, ತಿಳಿವಳಿಕೆಯಿಂದ ಕೊಡಬೇಕೆಂದೂ ವಿಧಿಸುತ್ತಾನೆ. ನಾಚಿಕೆಯೂ ಭಯವೂ ಯಾರಿಗೆ? ಕೊಡುವವನಿಗೆ, ಪಡೆಯುವವನಿಗಲ್ಲ. ಈ ವಾಕ್ಯದ ಪದಪದಕ್ಕೂ ಅರ್ಥವನ್ನು ಹೇಳಿ ಇಪ್ಪತ್ತೈದು ವರ್ಷ ಪಾಠ ಮಾಡಿದ ನಾನು ಅದರ ತಾತ್ಪರ್ಯವನ್ನು ತಿಳಿದಿರಲಿಲ್ಲವೆಂಬುದಕ್ಕೆ ಇಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕಾಗಿದೆ.

ಮೇಲೆ ಹೇಳಿದ ಹುಡುಗಿಯು ಒಂಬತ್ತನೆಯ ತರಗತಿಯಲ್ಲಿದ್ದಾಗ, ಬಸವಜಯಂತಿಯ ಸಮಾರಂಭದಲ್ಲಿ ದಾನಿಯೊಬ್ಬರು ಬಡ ಮಕ್ಕಳಿಗೆ ಬಟ್ಟೆ ಕೊಡಲು ಮುಂದೆ ಬಂದರು. ಯಾದಿಯನ್ನು ಮಾಡಿದವನೂ ನಾನೇ, ವೇದಿಕೆಯ ಮೇಲೆ ನಿಂತು ಓದಿದವನೂ ನಾನೇ. ದಾನಿಗಳಿಗೆ ತೃಪ್ತಿಯಾಗಲೆಂದು ಒಂದೊಂದು ಹೆಸರಿನ ಜೊತೆಗೆ ಆ ಮನೆಯ ಸ್ಥಿತಿಯನ್ನೂ ಎರಡು ಮಾತಿನಲ್ಲಿ ವಿವರಿಸಿದೆನು. ಒಬ್ಬ ಬಾಲಕನ ಸರದಿ ಬಂದಾಗ, ತಂದೆಯು ಕಬ್ಬು ಕಡಿಯಲು ಗುಳೆ ಹೋದವನು ಮರಳಲಿಲ್ಲವೆಂದೂ, ತಾಯಿಯು ಮಣೂಕದ ಶೆಡ್ಡಿನಲ್ಲಿ ಕೂಲಿ ಮಾಡಿ ಸಾಕುತ್ತಿರುವಳೆಂದೂ, ಆಕೆಯ ಹೆಸರು ಹಿಡಿದು ಹೇಳಿದೆನು. ಸಭೆಯು ಮರುಗಿತು, ಚಪ್ಪಾಳೆಯಾಯಿತು. ಹುಡುಗನು ಬಟ್ಟೆಯನ್ನು ತೆಗೆದುಕೊಂಡು, ತಲೆ ತಗ್ಗಿಸಿ ಇಳಿದುಹೋದನು. ಬೇಸಗೆಯ ರಜೆ ಕಳೆದು ಶಾಲೆ ತೆರೆದಾಗ ಅವನು ಬರಲಿಲ್ಲ. ಬಟ್ಟೆ ಕೈಗೆ ಬಂದೊಡನೆ ಶಾಲೆ ಬಿಟ್ಟನೆಂದು ನಾನು ಸಹೋದ್ಯೋಗಿಗಳ ಮುಂದೆ ಆಡಿಕೊಂಡೆನು. ಕೃತಘ್ನತೆಯ ಮೇಲೆ ಒಂದು ಸುಭಾಷಿತವನ್ನೂ ಹೇಳಿದ ನೆನಪಿದೆ.

ಎರಡು ವರ್ಷಗಳ ಹಿಂದೆ ಆ ಹುಡುಗಿಯು ಕ್ಷೇತ್ರಕಾರ್ಯದ ನಿಮಿತ್ತ ನಮ್ಮ ಊರಿಗೆ ಬಂದಳು. ಶಾಲೆ ಬಿಟ್ಟ ಮಕ್ಕಳ ಮನೆಗಳಿಗೆ ಹೋಗಿ ವಿಚಾರಿಸುವುದು ಅವಳ ಕೆಲಸವಾಗಿತ್ತು. ಸಂಜೆ ಶಾಲೆಗೆ ಬಂದು ಕುಳಿತಾಗ, ನಾನು ಆ ಬಾಲಕನ ಹೆಸರೆತ್ತಿ, ಅವನ ಮನೆಗೂ ಹೋಗಿದ್ದೆಯಾ, ಏನೆಂದನು ಎಂದು ಕೇಳಿದೆನು.

“ಅದು ಅವನ ಮಾತ್ರೀ ಸರ. ಅವನ್ನ ಕೇಳದ ನಾ ಹೇಳಾಕ ಬರಂಗಿಲ್ಲ” ಎಂದಳು.

ಕಲಿಸಿದ ಗುರುವಿಗೆ ಶಿಷ್ಯೆಯಿಂದ ಇಂಥ ಉತ್ತರವೇ ಎಂದು ನನಗೆ ಸಿಟ್ಟು ಬಂದಿತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದ್ರ ನಾ ಕಂಡದ್ದು ನಾ ಹೇಳಬಹುದು. ಅವತ್ತ ನಾನೂ ಮುಂದಿನ ಸಾಲಿನ್ಯಾಗ ಕುಂತಿದ್ದೆ. ಅವನ ಅವ್ವನೂ ಹಿಂದ ಹೆಣ್ಮಕ್ಕಳ ಕಡೆ ಕುಂತಿದ್ಳು ಸರ. ಆಕಿ ಹೆಸರು ಯಾಕ್ ಓದಿದ್ರಿ?” ಎಂದು ಕೇಳಿದಳು.

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವಳು ಕಲಿತ ಶಾಸ್ತ್ರದಲ್ಲಿ ಉತ್ತರವಿದ್ದಿತು. ಫೆಲಿಕ್ಸ್ ಬೀಸ್ಟೆಕ್ ಎಂಬ ಅಮೆರಿಕದ ಕ್ರೈಸ್ತ ಪಾದ್ರಿಯು 1957ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸಮಾಜಕಾರ್ಯಕ್ಕೆ ಏಳು ಸೂತ್ರಗಳನ್ನು ನಿರೂಪಿಸಿದ್ದಾನೆ. ಒಬ್ಬೊಬ್ಬನನ್ನೂ ಅವನಾಗಿಯೇ ಕಾಣುವುದು, ಅವನ ಭಾವನೆಗಳಿಗೆ ಹೊರಬರಲು ಎಡೆಗೊಡುವುದು, ಮರುಗಿದರೂ ಹಿಡಿತ ತಪ್ಪದಿರುವುದು, ಇದ್ದಂತೆಯೇ ಅವನನ್ನು ಸ್ವೀಕರಿಸುವುದು, ತೀರ್ಪು ಕೊಡದಿರುವುದು, ತನ್ನ ಬಾಳಿನ ನಿರ್ಣಯವನ್ನು ತಾನೇ ಮಾಡುವ ಅವನ ಹಕ್ಕನ್ನು ಮನ್ನಿಸುವುದು, ಅವನ ಗುಟ್ಟನ್ನು ಕಾಯುವುದು ಎಂದು ಅವನ್ನು ನಮ್ಮ ಮಾತಿನಲ್ಲಿ ಹೇಳಬಹುದು. ಒಂದು ಸಂಜೆಯ ಸಮಾರಂಭದಲ್ಲಿ ನಾನು ಇವುಗಳಲ್ಲಿ ಎಷ್ಟನ್ನು ಮುರಿದೆನೆಂಬುದನ್ನು ವಾಚಕರೇ ಎಣಿಸಿಕೊಳ್ಳಬಹುದು. ನನ್ನಲ್ಲಿ ಕರುಣೆಗೆ ಕೊರತೆಯಿರಲಿಲ್ಲ; ಓದುವಾಗ ನನ್ನ ಕಣ್ಣುಗಳೂ ತುಂಬಿದ್ದವು. ಕೊರತೆಯಿದ್ದುದು ಅರಿವಿಗೆ. ಅರಿವಿಲ್ಲದ ಕರುಣೆಯು ಒಂದು ಮಗುವಿನ ಮಾನವನ್ನು ಕಳೆದು ಅದರ ಮೈಗೆ ಬಟ್ಟೆಯನ್ನು ಹೊದಿಸಿತು.

ಆದರೆ ಸೂಕ್ಷ್ಮವಾಗಿ ನೋಡಿದರೆ, ಈ ಏಳು ಸೂತ್ರಗಳು ನಮಗೆ ಪರಕೀಯವೇ? ದಾಸೋಹವೆಂಬ ಶಬ್ದವನ್ನೇ ವಿಚಾರಿಸೋಣ. ವೇದಾಂತಿಯು ಸೋಹಂ, ಅಂದರೆ ಆ ಪರವಸ್ತುವೇ ನಾನು, ಎಂದನು. ಶರಣನು ದಾಸೋಹಂ, ನಾನು ಅವನ ದಾಸ, ಎಂದನು. ಕೊಡುವವನು ದಾಸನಾದರೆ ಪಡೆಯುವವನು ಒಡೆಯನಾದನು. ಆತನನ್ನು ಜಂಗಮಸ್ವರೂಪಿಯೆಂದೇ ಕಾಣಬೇಕು. ಒಡೆಯನ ಮನೆಯ ಗುಟ್ಟನ್ನು ದಾಸನು ಬೀದಿಯಲ್ಲಿ ಸಾರುವನೇ? ಒಡೆಯನ ನಡತೆಯ ಮೇಲೆ ದಾಸನು ತೀರ್ಪು ಕೊಡುವನೇ? ಪಂಚಾಚಾರಗಳಲ್ಲಿ ಭೃತ್ಯಾಚಾರವೆಂದು ಹೇಳಿದುದು ಇದನ್ನೇ. ಎಲ್ಲರಿಗಿಂತ ಕಿರಿಯನೆಂದು ನಡೆಯುವ ಈ ಆಚಾರವನ್ನು ನಾವು ಬಾಯಲ್ಲಿ ಉಳಿಸಿಕೊಂಡೆವು. ಅದನ್ನು ದಿನದ ನಡೆಗೆ ತರುವ ಕ್ರಮವನ್ನು ಮರೆತೆವು. ಆ ಕ್ರಮವನ್ನು ವಿಶ್ವವಿದ್ಯಾಲಯವು ಬೇರೆ ಹೆಸರಿನಿಂದ ಕಲಿಸುತ್ತಿದ್ದರೆ ಅದನ್ನು ಕಲಿಯಲು ನಾಚಿಕೆಯೇಕೆ?

ಎರಡನೆಯ ಆಕ್ಷೇಪವು ಸಂಬಳದ್ದು. ಹಣ ಪಡೆದು ಮಾಡಿದುದು ಸೇವೆಯಲ್ಲವೆಂದು ಆ ತಂದೆ ಹೇಳಿದರು. ನಮ್ಮ ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ಜ್ಞಾನಯೋಗಾಶ್ರಮದಲ್ಲಿ ಬಾಳಿ, 2023ರ ಜನವರಿ 2ರಂದು ಲಿಂಗೈಕ್ಯರಾದ ಶ್ರೀ ಸಿದ್ಧೇಶ್ವರ ಸ್ವಾಮಿಗಳ ಜೇಬಿಲ್ಲದ ಅಂಗಿಯನ್ನು ಕಣ್ಣಾರೆ ಕಂಡ ನಮಗೆ ಈ ಆಕ್ಷೇಪವು ಸಹಜವಾಗಿಯೇ ತಟ್ಟುತ್ತದೆ. ಆದರೆ ಅಂಥ ನಿಸ್ಪೃಹತೆಯು ಸಂನ್ಯಾಸಿಗೆ ಭೂಷಣ. ಸಂಸಾರಿಗೂ ಅದನ್ನೇ ವಿಧಿಸಿದರೆ ಫಲವೇನಾಗುವುದು? ಹೊಲ ತೋಟಗಳುಳ್ಳವನ ಮಗಳು ಮಾತ್ರ ಸೇವೆ ಮಾಡಬಲ್ಲಳು. ಕೂಲಿಯವಳ ಮಗಳು ಎಂದೆಂದಿಗೂ ಸೇವೆಯನ್ನು ಪಡೆಯುವವಳಾಗಿಯೇ ಉಳಿಯುವಳು. ಶರಣರು ಇದನ್ನು ಒಪ್ಪಲಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕವನ್ನು ನೋಡಿ, ಆ ದುಡಿಮೆಯಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸಿದರು. ಹಗ್ಗ ಹೊಸೆಯುವ ನುಲಿಯ ಚಂದಯ್ಯನು, ಕೈಯ ಲಿಂಗವು ಜಾರಿ ನೀರಿಗೆ ಬಿದ್ದಾಗಲೂ ಕಾಯಕವನ್ನು ನಿಲ್ಲಿಸದೆ ಮುಂದೆ ನಡೆದನೆಂಬ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ.

ಹಾಗಾದರೆ ಸಂಬಳಕ್ಕೆ ಮಿತಿಯೇ ಇಲ್ಲವೇ? ಇದೆ. ಅದನ್ನು ಹೇಳಿಕೊಟ್ಟವಳು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯನು ಅಂಗಳದಲ್ಲಿ ಆಯ್ದು ತಂದ ಅಕ್ಕಿಯು ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿರಲು, ಆಕೆಯು ಅದನ್ನು ಮರಳಿ ಸುರಿದು ಬರಲು ಕಳುಹಿದಳು. ಕಾಯಕಕ್ಕೆ ಪ್ರತಿಫಲವು ಸಲ್ಲುವುದು, ಆಸೆಗೆ ಸಲ್ಲದು ಎಂಬುದೇ ಆ ಕಥೆಯ ತಾತ್ಪರ್ಯ. ಆದುದರಿಂದ ಸಮಾಜಕಾರ್ಯದ ಪದವೀಧರನು ಸಂಬಳ ಪಡೆಯುತ್ತಾನೆಯೇ ಎಂದು ಕೇಳುವುದು ವ್ಯರ್ಥ. ನೊಂದವರ ಹೆಸರಿನಲ್ಲಿ ಬಂದ ಹಣದಲ್ಲಿ ತನ್ನ ಪಾಲಿಗಿಂತ ಒಂದು ಕಾಳು ಹೆಚ್ಚಾಗಿ ಮನೆಗೆ ಹೋಯಿತೇ ಎಂದು ಕೇಳುವುದು ಯುಕ್ತ. ಈ ಪ್ರಶ್ನೆಯನ್ನು ನಮ್ಮನಮ್ಮ ಸಂಸ್ಥೆಗಳಿಗೂ ಹಾಕಿಕೊಳ್ಳೋಣ.

ಮೂರನೆಯ ಆಕ್ಷೇಪವು, ಮಠಗಳಿರುವಾಗ ಬೇರೆ ವಿದ್ಯೆಯೇಕೆಂಬುದು. ಮಠಗಳು ಅನ್ನವನ್ನೂ ಅಕ್ಷರವನ್ನೂ ಕೊಟ್ಟಿವೆ. ಆ ಅನ್ನವನ್ನುಂಡೇ ನಾನೂ ನಾಲ್ಕು ಅಕ್ಷರ ಕಲಿತೆನು. ಆದರೆ ದುಃಖದ ಎಲ್ಲ ರೂಪಗಳೂ ಹಸಿವೆಯಲ್ಲ. ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸುವ ಕರ್ನಾಟಕದ ಕಾಯಿದೆಯು 1982ರಲ್ಲಿ ಆಯಿತು. ಬಾಲ್ಯವಿವಾಹ ನಿಷೇಧದ ಕಾಯಿದೆಯು 2006ರಲ್ಲಿ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯಿದೆಯು 2012ರಲ್ಲಿ ಆದವು. ಕಾಯಿದೆಯ ಪುಸ್ತಕಕ್ಕೂ ಗುಡಿಸಲಿನಲ್ಲಿ ಅಳುವ ಹುಡುಗಿಗೂ ನಡುವೆ ದೊಡ್ಡ ಹೊಳೆಯಿದೆ. ಹದಿನೈದು ವರ್ಷದ ಮಗಳ ಮದುವೆಗೆ ಹಂದರ ಹಾಕಿದ ಮನೆಗೆ ಹೋಗಿ, ತಂದೆಯನ್ನು ಶತ್ರುವನ್ನಾಗಿ ಮಾಡಿಕೊಳ್ಳದೆ, ಹುಡುಗಿಯನ್ನು ಅಪಾಯಕ್ಕೆ ಒಡ್ಡದೆ, ಮದುವೆಯನ್ನು ನಿಲ್ಲಿಸುವುದು ಹೇಗೆ? ಇದು ಬರಿಯ ಆಶೀರ್ವಚನದಿಂದ ಆಗುವ ಕೆಲಸವಲ್ಲ. ಆ ಹೊಳೆಗೂ ಒಬ್ಬ ಅಂಬಿಗನು ಬೇಕು.

ನಮ್ಮ ಜಿಲ್ಲೆಗೆ ಇದರ ನಿದರ್ಶನವು ಹೊಸದಲ್ಲ. ಫ. ಗು. ಹಳಕಟ್ಟಿಯವರು ಕಾನೂನಿನ ಪದವಿಯನ್ನು ಪಡೆದು ವಿಜಯಪುರದಲ್ಲಿ ವಕೀಲರಾಗಿದ್ದವರು. ತಾಳೆಯ ಗರಿಗಳನ್ನು ಹುಡುಕುತ್ತ ಮನೆಮನೆಯನ್ನು ತಿರುಗಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಬೆಳಕಿಗೆ ತಂದು, 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದ ಆ ಮಹನೀಯರನ್ನು ನಾವು ವಚನಗಳ ಪಿತಾಮಹರೆಂದು ಪೂಜಿಸುತ್ತೇವೆ. ಆದರೆ ಅದಕ್ಕೂ ಮೊದಲೇ, 1910ರಲ್ಲಿ ವಿದ್ಯಾವರ್ಧಕ ಸಂಘವನ್ನೂ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಕಟ್ಟಿದವರು ಅವರೇ ಎಂಬುದನ್ನು ಮರೆಯುತ್ತೇವೆ. ಒಂದು ಹೊತ್ತಿನ ಊಟವು ಆ ದಿನದ ಹಸಿವೆಯನ್ನು ಕಳೆಯುವುದು. ಸಾಲದ ಬಾಯಿಂದ ಬಿಡಿಸಲು ಲೆಕ್ಕ ಬಲ್ಲ, ಕಾನೂನು ಬಲ್ಲ ಕೈ ಬೇಕು. ವಿಶ್ವವಿದ್ಯಾಲಯದಲ್ಲಿ ಕಲಿತ ವಿದ್ಯೆ ಮತ್ತು ವಚನದಲ್ಲಿ ಕಂಡ ಬೆಳಕು ಹಳಕಟ್ಟಿಯವರಲ್ಲಿ ಒಂದಕ್ಕೊಂದು ವಿರೋಧಿಯಾಗಲಿಲ್ಲ.

ಹೀಗೆ ಹೇಳಿದ ಮಾತ್ರಕ್ಕೆ ಆ ವಿದ್ಯೆಯಲ್ಲಿ ದೋಷಗಳಿಲ್ಲವೆಂದು ತಿಳಿಯಬಾರದು. ವಿಧಾನವನ್ನು ಕಲಿತವನಿಗೆ ವಿಧಾನವೇ ಮುಖ್ಯವಾಗಿ, ಮನುಷ್ಯನು ಕಡತದ ಒಂದು ಹಾಳೆಯಾಗುವ ಭಯವಿದೆ. ಸರಕಾರಿ ಕಾಗದಗಳಲ್ಲಿ ನೆರವು ಪಡೆಯುವವರಿಗೆ ಫಲಾನುಭವಿಗಳೆಂಬ ಹೆಸರಿದೆ. ದಾಸೋಹದ ದೃಷ್ಟಿಯಲ್ಲಿ ನಿಜವಾದ ಫಲಾನುಭವಿಯು ಕೊಟ್ಟವನು. ಅಹಂಕಾರವು ಕರಗಿದ್ದು ಅವನದು. 2020ರಲ್ಲಿ ಮಹಾಮಾರಿಯ ಕಾಲಕ್ಕೆ ಊರೂರುಗಳಲ್ಲಿ ಧಾನ್ಯದ ಚೀಲಗಳನ್ನು ಹಂಚಿದಾಗ, ಒಂದು ಚೀಲವನ್ನು ಹತ್ತು ಕೈಗಳು ಹಿಡಿದು ಚಿತ್ರ ತೆಗೆಸಿಕೊಂಡುದನ್ನು ಕಂಡೆವು. ಅವರಲ್ಲಿ ಕಲಿತವರೂ ಇದ್ದರು, ಕಲಿಯದವರೂ ಇದ್ದರು, ಭಸ್ಮ ಧರಿಸಿದವರೂ ಇದ್ದರು. ಭೃತ್ಯಭಾವವಿಲ್ಲದ ಕಡೆ ಪದವಿಯೂ ಕಾಯದು, ವಿಭೂತಿಯೂ ಕಾಯದು. ಅರಿವು ಆಚಾರವಾಗಬೇಕು, ಆಚಾರಕ್ಕೆ ಅರಿವಿರಬೇಕು. ಇದೇ ಶರಣರ ಸಿದ್ಧಾಂತ. ಸೇವೆಯು ಕಲಿಯತಕ್ಕ ವಿದ್ಯೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರವು ಈಗ ಇಷ್ಟು: ಸೇವೆಯ ಭಾವವನ್ನು ಯಾರೂ ಕಲಿಸಲಾರರು, ಆದರೆ ಕಲಿಯದ ಭಾವವು ಬಡವನಿಗೆ ಭಾರ.

ಆ ಬಾಲಕನ ವಿಷಯವನ್ನು ಅರ್ಧಕ್ಕೆ ಬಿಡುವುದು ಸರಿಯಲ್ಲ. ಹುಡುಗಿಯ ಮಾತನ್ನು ಕೇಳಿದ ಮೇಲೆ, ನಾನೇ ಅವನ ಮನೆಗೆ ಹೋಗಿ ತಾಯಿ ಮಗನ ಮುಂದೆ ತಪ್ಪೊಪ್ಪಿಕೊಳ್ಳುವೆನೆಂದು ಎದ್ದೆನು. “ಅವರಿಗಿ ಬೇಕೋ ಬ್ಯಾಡೋ ಮೊದಲ ಕೇಳ್ತೀನಿ ಸರ” ಎಂದು ಅವಳು ತಡೆದಳು. ವಾರದ ಮೇಲೆ ಬಂದು, ಅವರಿಗೆ ಬೇಡವಂತೆ ಎಂದು ತಿಳಿಸಿದಳು. ಏಕೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕ್ಷಮೆ ಕೇಳಿ ಮನಸ್ಸನ್ನು ಹಗುರ ಮಾಡಿಕೊಳ್ಳುವ ಬಯಕೆಯೂ ನನ್ನ ಸ್ವಾರ್ಥವೇ ಆಗಿತ್ತೆಂದು ಬಹಳ ದಿನಗಳ ಮೇಲೆ ಹೊಳೆಯಿತು. ಅವನ ಹೆಸರನ್ನು ಇಲ್ಲಿ ಬರೆದಿಲ್ಲ. ಒಮ್ಮೆ ಓದಿದುದೇ ಸಾಕು. ಅಂದಿನಿಂದ ನಮ್ಮ ಶಾಲೆಯಲ್ಲಿ ದಾನದ ಬಟ್ಟೆ ಪುಸ್ತಕಗಳು ವೇದಿಕೆಯನ್ನು ಹತ್ತುವುದಿಲ್ಲ. ಯಾರಿಗೆ ಹೋದವೆಂಬುದು ಕೊಟ್ಟವರಿಗೂ ತಿಳಿಯದಂತೆ ಮನೆಗಳಿಗೆ ಮುಟ್ಟುತ್ತವೆ. ಇದರಿಂದ ಇಬ್ಬರು ದಾನಿಗಳು ಬೇಸರಗೊಂಡು ದೂರವಾದರು. ಉಳಿದವರು ಉಳಿದಿದ್ದಾರೆ.

ಆ ಹುಡುಗಿಯು ಈಗ ಪದವಿಯನ್ನು ಪಡೆದು ಜಿಲ್ಲೆಯಲ್ಲಿಯೇ ಕೆಲಸ ಮಾಡುತ್ತಿದ್ದಾಳೆ. ತಂದೆಯು ಮೊನ್ನೆ ಮಠದ ಜಾತ್ರೆಯಲ್ಲಿ ಸಿಕ್ಕಾಗ, ಅವಳಿಗೆ ತಿಳಿಸಿ ಹೇಳಲು ನನ್ನ ಬಳಿಗೆ ಬಂದುದನ್ನು ನೆನೆದು ನಕ್ಕರು. ಆಗ ಹೇಳಬೇಕಾದುದು ನನಗೇ ತಿಳಿದಿರಲಿಲ್ಲವೆಂದು ನಾನೂ ಒಪ್ಪಿಕೊಂಡೆನು. ಕೊಡುವ ಕೈಗೆ ನಾಚಿಕೆಯನ್ನೂ ಭಯವನ್ನೂ ಅರಿವನ್ನೂ ಶ್ರೀಗುರುವು ಕರುಣಿಸಲಿ. ಪಡೆಯುವ ಕೈಯು ತಲೆ ತಗ್ಗಿಸದಂತಾಗಲಿ ಎಂದು ಪ್ರಾರ್ಥಿಸಿ ವಿರಮಿಸುತ್ತೇನೆ. ಶರಣು ಶರಣಾರ್ಥಿ.